ತಮ್ಮ, ಚೇಟ್ಟನ್ ಮತ್ತು ಚಿಕ್ಕಮ್ಮನ ಹಪ್ಪಳದ ಲೇಬಲ್

ಚಿಕ್ಕಮ್ಮ ಮತ್ತು ಅವರ ಜೊತೆಯ ಆರು ಮಂದಿ ಹೆಂಗಸರು ಮಾಡುವ ಹಲಸಿನ ಹಪ್ಪಳದ ಪ್ಯಾಕೆಟ್ ಮೇಲೆ ಮೂರು ಲಿಪಿ ಇದೆ. ಮೇಲೆ ಕನ್ನಡದಲ್ಲಿ ‘ಹಲಸಿನ ಹಪ್ಪಳ’. ಕೆಳಗೆ ಮಲಯಾಳದಲ್ಲಿ ‘ಚಕ್ಕ ಪಪ್ಪಡಂ’. ನಡುವೆ ದೊಡ್ಡದಾಗಿ, ಕೈಬರಹದ ಹಾಗೆ ಬಳುಕುವ ಇಂಗ್ಲಿಷ್ ಅಕ್ಷರದಲ್ಲಿ ಅವರ ಗುಂಪಿನ ಹೆಸರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಕಡೆ ಏನು ಮಾರುವುದಿದ್ದರೂ ಹೀಗೇ. ಊರಿನವರಿಗೆ ಕನ್ನಡ, ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ಹೋದರೆ ಮಲಯಾಳ, ಆನ್‌ಲೈನ್ ಆರ್ಡರಿಗೆ ಇಂಗ್ಲಿಷ್. ಆ ಲೇಬಲ್ ಮಾಡಿದ್ದು ನಾನು. ಎರಡು ದಿನ ಕೂತು ಮಾಡಿದ್ದೆ. ಚೆನ್ನಾಗಿಯೂ ಬಂದಿತ್ತು.

ಪ್ಯಾಕೆಟ್‌ನ ಫೋಟೋ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಡಿಸೈನ್ ಮಾಡುವವರು ಮಾಡುವ ಹಾಗೆ ಕೆಳಗೆ ಫಾಂಟ್‌ನ, ಅಂದರೆ ಆ ಅಕ್ಷರದ ಶೈಲಿಯ, ಹೆಸರನ್ನೂ ಹ್ಯಾಷ್‌ಟ್ಯಾಗ್ ಮಾಡಿ ಬರೆದೆ. ಮೂರು ವಾರ ಕಳೆದು, ಒಂದು ರಾತ್ರಿ ಮಳೆಗೆ ಕರೆಂಟು ಹೋಗಿದ್ದಾಗ, ಮೊಬೈಲಿಗೆ ಒಂದು ಮೇಲ್ ಬಂತು. ಆ ಇಂಗ್ಲಿಷ್ ಫಾಂಟ್ ಮಾಡಿದವರಿಂದ. ಬಹಳ ಮರ್ಯಾದೆಯಿಂದ ಬರೆದಿದ್ದರು. ‘ನಿಮ್ಮ ಲೇಬಲ್ ನೋಡಿದೆ, ಇಷ್ಟವಾಯಿತು. ಆದರೆ ನಿಮ್ಮ ಹೆಸರಿನಲ್ಲಿ ಕಮರ್ಷಿಯಲ್ ಲೈಸೆನ್ಸ್ ತೆಗೆದುಕೊಂಡದ್ದು ನನ್ನ ಲೆಕ್ಕದಲ್ಲಿ ಕಾಣುತ್ತಿಲ್ಲ. ಬೇರೆ ಹೆಸರಿನಲ್ಲಿ ತೆಗೆದುಕೊಂಡಿದ್ದೀರಾ?’

ನಾನು ಯಾವ ಹೆಸರಿನಲ್ಲೂ ತೆಗೆದುಕೊಂಡಿರಲಿಲ್ಲ. ಫ್ರೀ ಫಾಂಟ್ ಕೊಡುವ ಒಂದು ಸೈಟ್‌ನಿಂದ ಇಳಿಸಿಕೊಂಡಿದ್ದೆ, ಅಷ್ಟೇ.

ಕರೆಂಟು ಬಂದ ಮೇಲೆ ಕಂಪ್ಯೂಟರ್ ಹಾಕಿ ಆ ಜಿಪ್ ಫೈಲನ್ನು ಹುಡುಕಿದೆ. ಅದರೊಳಗೆ ಎರಡು ಫೈಲ್ ಇದ್ದವು. ಒಂದು ಫಾಂಟ್. ಇನ್ನೊಂದು ಚಿಕ್ಕ ಟೆಕ್ಸ್ಟ್ ಫೈಲ್. ಇಳಿಸಿಕೊಂಡ ದಿನ ನಾನು ಫಾಂಟ್ ಒಂದನ್ನೇ ಇನ್‌ಸ್ಟಾಲ್ ಮಾಡಿದ್ದೆ, ಇನ್ನೊಂದನ್ನು ತೆರೆದೇ ಇರಲಿಲ್ಲ. ಈಗ ತೆರೆದೆ. ನಾಲ್ಕೇ ಸಾಲು. ಇದು ಫ್ರೀ ಫಾರ್ ಪರ್ಸನಲ್ ಯೂಸ್. ಮಾರುವ ವಸ್ತುವಿಗೆ, ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೆ ಬಳಸಬೇಕಾದರೆ ಲೈಸೆನ್ಸ್ ತೆಗೆದುಕೊಳ್ಳಿ. ಕೊಂಡಿ ಇಲ್ಲಿದೆ. ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಓದಿರಲಿಲ್ಲ.

ಮರುದಿನ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ದಂಡ ಅಂತ ಏನೂ ಕೇಳಲಿಲ್ಲ. ಮಾಮೂಲಿ ಬೆಲೆಗೆ ಲೈಸೆನ್ಸ್ ತೆಗೆದುಕೊಂಡರೆ ಸಾಕು ಅಂದರು. 35 ಡಾಲರ್. ನಾನೇ ಕೊಟ್ಟೆ. ಚಿಕ್ಕಮ್ಮ ‘ಎಂತಕ್ಕೆ ಮಾರಾಯ್ತಿ, ನಾವು ಹಾಕ್ತೇವೆ’ ಅಂದರು. ಅವರಿಂದ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಹಲಸಿನ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಬಿಸಿಲು ಕಾದು ಒಣಗಿಸಿ ಅವರು ಒಂದು ಹಪ್ಪಳಕ್ಕೆ ಎಷ್ಟು ದುಡಿಯುತ್ತಾರೆ ಅಂತ ನನಗೆ ಗೊತ್ತು. ತಪ್ಪು ಅವರದ್ದಾಗಿರಲಿಲ್ಲ.

ಆ ಮೇಲ್ ಬಂದಮೇಲೆ ನಾನು ಫಾಂಟ್ ಲೈಸೆನ್ಸ್‌ಗಳನ್ನು ಕೂತು ಓದಲು ಶುರುಮಾಡಿದೆ. ನಮ್ಮ ಕಡೆ ಆಮಂತ್ರಣ, ನೋಟೀಸು, ಫ್ಲೆಕ್ಸ್, ಲೇಬಲ್ ಮಾಡುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಲ್ಯಾಪ್‌ಟಾಪ್ ಒಂದಿದ್ದರೆ ಮನೆಯಲ್ಲೇ ಕೆಲಸ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಕಾಸರಗೋಡು ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಒಂದು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಶ್ರೀಲಿಪಿ ಸಾಫ್ಟ್‌ವೇರ್ ಇತ್ತು. ಅದಕ್ಕೆ ಹಿಂದುಗಡೆ ಒಂದು ಡಾಂಗಲ್ ಚುಚ್ಚಬೇಕು, ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಯಾರಾದರೂ ಅದನ್ನು ಕಿತ್ತರೆ ಓನರ್ ಜೋರು ಮಾಡುತ್ತಿದ್ದರು. ಆ ಬೆರಳುದ್ದದ ಸಾಮಾನೇ ಲೈಸೆನ್ಸ್ ಅಂತ ಆಗ ನನಗೆ ಹೊಳೆದಿರಲಿಲ್ಲ. ಅದು ಬಿಟ್ಟರೆ ಉಳಿದ ಫಾಂಟ್‌ಗಳೆಲ್ಲ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುತ್ತಿದ್ದವು. ಕೆಲಸ ಬಿಡುವಾಗ ಜೊತೆಯವರೊಬ್ಬರು ಪ್ರೀತಿಯಿಂದ ಇಡೀ ಫಾಂಟ್ ಫೋಲ್ಡರನ್ನೇ ಕಾಪಿ ಮಾಡಿ ಕೊಟ್ಟರು. ಮೂರು ಸಾವಿರಕ್ಕೂ ಜಾಸ್ತಿ ಫಾಂಟ್. ಯಾವುದು ಯಾರದ್ದು, ಎಲ್ಲಿಂದ ಬಂದದ್ದು, ಒಂದೂ ಗೊತ್ತಿಲ್ಲ. ಅದನ್ನೇ ನನ್ನ ಆಸ್ತಿ ಅಂದುಕೊಂಡಿದ್ದೆ.

ಇಲ್ಲೇ ಮೊದಲ ವಿಷಯ ಇರುವುದು. ಫಾಂಟ್ ಅನ್ನುವುದು ಒಂದು ಸಾಫ್ಟ್‌ವೇರ್. ದುಡ್ಡು ಕೊಟ್ಟು ತೆಗೆದುಕೊಂಡರೂ ನಾವು ಆ ಫಾಂಟನ್ನು ಕೊಂಡ ಹಾಗಲ್ಲ. ಅದನ್ನು ಇಂಥ ಕೆಲಸಕ್ಕೆ, ಇಷ್ಟು ಕಂಪ್ಯೂಟರಿನಲ್ಲಿ ಬಳಸಬಹುದು ಅನ್ನುವ ಅನುಮತಿಯನ್ನು ಕೊಂಡ ಹಾಗೆ. ಆ ಅನುಮತಿಯ ಕಾಗದವೇ ಲೈಸೆನ್ಸ್. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ರಕ್ಷಣೆ ಇದೆ. ಹಾಗಾಗಿ ‘ಅಕ್ಷರಕ್ಕೆ ಯಾರು ಒಡೆಯ, ಅ ಆ ಇ ಈ ಎಲ್ಲರದ್ದಲ್ವಾ’ ಅನ್ನುವ ಮಾತು ನಿಲ್ಲುವುದಿಲ್ಲ. ಅ ಎಲ್ಲರದ್ದು. ಆ ಅ ಬರೆಯುವ ಫೈಲ್ ಮಾತ್ರ ಅದನ್ನು ಮಾಡಿದವರದ್ದು.

ಮಾಡುವ ಕಷ್ಟವನ್ನೂ ಸ್ವಲ್ಪ ಹೇಳಬೇಕು. ಇಂಗ್ಲಿಷಿಗೆ ದೊಡ್ಡಕ್ಷರ 26, ಚಿಕ್ಕಕ್ಷರ 26, ಮೇಲೆ ಅಂಕಿ, ಚಿಹ್ನೆ. ಕನ್ನಡದಲ್ಲಿ ‘ಕ’ ಒಂದನ್ನೇ ತೆಗೆದುಕೊಳ್ಳಿ. ‘ಕಿ’ ಬರೆಯುವಾಗ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ, ‘ಕೆ’ ಬರೆಯುವಾಗ ತಲೆಕಟ್ಟು ಇನ್ನೊಂದು ರೀತಿ ತಿರುಗುತ್ತದೆ. ಅದು ಪ್ರತಿ ವ್ಯಂಜನಕ್ಕೂ ಸರಿಯಾಗಿ ಕೂರಬೇಕು. ಆಮೇಲೆ ಒತ್ತಕ್ಷರ. ‘ರಾಷ್ಟ್ರ’, ‘ಸ್ತ್ರೀ’ ಅಂತ ಬಂದರೆ ಎರಡು ಒತ್ತು ಒಟ್ಟಿಗೆ ಕೆಳಗೆ ಇಳಿಯಬೇಕು, ಮುಂದಿನ ಸಾಲಿಗೆ ಹೊಡೆಯಬಾರದು. ಅರ್ಕಾವತ್ತು ಅಕ್ಷರದ ಬಲಕ್ಕೆ ಬಂದು ಕೂರಬೇಕು. ಇಷ್ಟಕ್ಕೂ ನೂರಾರು ಆಕೃತಿ ಬರೆದು, ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಏನಾಗಬೇಕು ಅನ್ನುವ ನಿಯಮ ಬರೆದು, ಪರೀಕ್ಷೆ ಮಾಡಬೇಕು. ಒಬ್ಬರು ಕೂತರೆ ತಿಂಗಳುಗಟ್ಟಲೆ ಕೆಲಸ. ಕನ್ನಡಕ್ಕೆ ಹೀಗೆ ಕೂರುವವರು ಕಡಿಮೆ. ಅವರು ಹಾಕಿದ ಷರತ್ತನ್ನು ಓದುವುದಕ್ಕೆ ಐದು ನಿಮಿಷ ಕೊಡುವುದು ಹೆಚ್ಚಲ್ಲ ಅಂತ ನನಗೆ ಈಗ ನಿಜವಾಗಿ ಅನ್ನಿಸುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಯಾವುದು ಪರ್ಸನಲ್, ಯಾವುದು ಕಮರ್ಷಿಯಲ್?

ನಾನು ಮೊದಲು ಅಂದುಕೊಂಡಿದ್ದದ್ದು, ಕಂಪನಿಗಳು ಬಳಸಿದರೆ ಕಮರ್ಷಿಯಲ್, ನಮ್ಮಂಥವರು ಬಳಸಿದರೆ ಪರ್ಸನಲ್ ಅಂತ. ಹಾಗಿಲ್ಲ. ಯಾರು ಅನ್ನುವುದಕ್ಕಿಂತ ಯಾವ ಕೆಲಸಕ್ಕೆ ಅನ್ನುವುದು ಮುಖ್ಯ. ನನ್ನ ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ನಾನೇ ಒಂದು ಕಾರ್ಡ್ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರೆ ಪರ್ಸನಲ್. ನೀರ್ಚಾಲಿನ ಒಬ್ಬರು ತಮ್ಮ ಮಗಳ ಹುಟ್ಟುಹಬ್ಬದ ಕಾರ್ಡಿಗೆ ನನಗೆ 300 ರೂಪಾಯಿ ಕೊಟ್ಟರೆ ಕಮರ್ಷಿಯಲ್. ಕಾರ್ಡು ಒಂದೇ ತರದ್ದು, ಮಗು ಅಷ್ಟೇ ಚಂದ. ಆದರೆ ಎರಡನೆಯದರಲ್ಲಿ ನಾನು ದುಡಿದೆ. ಅವರಿಗೆ ಅದು ಮನೆಯ ಸಮಾರಂಭ, ನನಗೆ ಕೆಲಸ. ಇದನ್ನು ತಿಳಿದುಕೊಂಡ ದಿನ ನನ್ನ ಹಳೆಯ ಕೆಲಸಗಳನ್ನೆಲ್ಲ ನೆನೆದು ಸ್ವಲ್ಪ ಹೆದರಿಕೆಯೇ ಆಯಿತು.

ಆಮೇಲೆ ದೇವಸ್ಥಾನದ ಕೆಲಸಗಳು. ಬ್ರಹ್ಮಕಲಶೋತ್ಸವ ಅಂದರೆ ಆಮಂತ್ರಣ, ಫ್ಲೆಕ್ಸ್, ರಶೀದಿ ಪುಸ್ತಕ, ಕೊನೆಗೆ ಸ್ಮರಣ ಸಂಚಿಕೆ. ಸಮಿತಿಯವರು ಹೇಳುವುದು ಸರಿಯೇ, ‘ನಾವು ಇದರಲ್ಲಿ ಲಾಭ ಮಾಡುವುದಿಲ್ಲ’. ಆದರೆ ಸಂಚಿಕೆಯಲ್ಲಿ ನಲವತ್ತು ಪುಟ ಜಾಹೀರಾತು ಇರುತ್ತದೆ. ಫ್ಲೆಕ್ಸ್‌ನ ಕೆಳಗೆ ಅಂಗಡಿಯವರ ಹೆಸರು ಇರುತ್ತದೆ. ಪರ್ಸನಲ್ ಅನ್ನುವ ಮಾತಿಗೆ ಇದು ಖಂಡಿತ ಬರುವುದಿಲ್ಲ. ಲಾಭಕ್ಕಲ್ಲದ ಸಂಘಗಳಿಗೆ ಕೆಲವು ಫಾಂಟ್‌ನವರು ಬೇರೆ ರಿಯಾಯಿತಿ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಲೈಸೆನ್ಸಿನಲ್ಲಿ ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ ಅಂತ ತಿಳಿಯುವುದೇ ಕ್ಷೇಮ. ಸಂಶಯ ಬಂದರೆ ಫಾಂಟ್ ಮಾಡಿದವರಿಗೆ ಒಂದು ಮೇಲ್ ಹಾಕಿ ಕೇಳಬಹುದು. ನಾನು ಹೀಗೆ ಎರಡು ಸಲ ಕೇಳಿದ್ದೇನೆ. ಒಂದು ರಕ್ತದಾನ ಶಿಬಿರದ ಪೋಸ್ಟರಿಗೆ, ಒಂದು ಶಾಲೆಯ ನೂರನೇ ವರ್ಷಕ್ಕೆ. ಎರಡು ಸಲವೂ ‘ಧಾರಾಳವಾಗಿ ಬಳಸಿ’ ಅಂತ ಉತ್ತರ ಬಂತು. ಆ ಮೇಲ್‌ಗಳನ್ನು ತೆಗೆದಿಟ್ಟಿದ್ದೇನೆ.

ಆ ಶಾಲೆಯ ಮಾಷ್ಟ್ರು ಅವತ್ತು ನನ್ನ ಪಕ್ಕ ಕೂತು ಸಂಚಿಕೆಯ ಪುಟ ನೋಡುತ್ತಿದ್ದರು. ‘ಗೂಗಲ್‌ನಲ್ಲಿ ಸಿಕ್ಕಿದ್ದಲ್ವಾ, ಅದಕ್ಕೆ ಯಾರ ಹತ್ರ ಕೇಳುವುದು?’ ಅಂದರು. ನಾನು, ‘ಮಾಷ್ಟ್ರೇ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದು ಬೇರೆ, ಗೂಗಲ್ ಫಾಂಟ್ಸ್‌ನಲ್ಲಿ ಇರುವುದು ಬೇರೆ’ ಅಂದೆ. ಈ ವ್ಯತ್ಯಾಸ ಗೊತ್ತಿಲ್ಲದವರು ಬಹಳ ಮಂದಿ ಇದ್ದಾರೆ. ಹುಡುಕಿದಾಗ ಬರುವ ಸೈಟ್‌ಗಳಲ್ಲಿ ಎಲ್ಲ ತರದ್ದೂ ಇರುತ್ತದೆ. ಡಾಫಾಂಟ್‌ನಂಥ ಸೈಟ್‌ನಲ್ಲಿ ಪ್ರತಿ ಫಾಂಟ್‌ನ ಪಕ್ಕ ಒಂದು ಮಾತು ಬರೆದಿರುತ್ತಾರೆ. ‘ಫ್ರೀ ಫಾರ್ ಪರ್ಸನಲ್ ಯೂಸ್’ ಅಂತಲೋ, ‘100% ಫ್ರೀ’ ಅಂತಲೋ, ‘ಡೆಮೊ’ ಅಂತಲೋ. ಅದನ್ನು ನೋಡಬೇಕು. ನೋಡಿದ ಮೇಲೂ ಜಿಪ್ ಒಳಗಿನ ಟೆಕ್ಸ್ಟ್ ಫೈಲ್ ಓದಬೇಕು, ಯಾಕೆಂದರೆ ಸೈಟಿನ ಮಾತಿಗಿಂತ ಫಾಂಟ್ ಮಾಡಿದವರು ಬರೆದದ್ದೇ ಮುಖ್ಯ. ಗೂಗಲ್ ಫಾಂಟ್ಸ್‌ನಲ್ಲಿ ಇರುವವು ಓಪನ್ ಲೈಸೆನ್ಸಿನವು, ಕಮರ್ಷಿಯಲ್ ಕೆಲಸಕ್ಕೂ ಬಳಸಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಲೈಸೆನ್ಸ್ ಯಾರ ಹತ್ತಿರ ಇರಬೇಕು, ನನ್ನ ಹತ್ತಿರವೋ ಗಿರಾಕಿಯ ಹತ್ತಿರವೋ? ಸಾಮಾನ್ಯವಾಗಿ ಫಾಂಟನ್ನು ಯಾರ ಕಂಪ್ಯೂಟರಿನಲ್ಲಿ ಹಾಕಿದ್ದಾರೋ ಅವರ ಹತ್ತಿರ. ನಾನು ಲೋಗೋ ಮಾಡಿ, ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಚಿತ್ರವಾಗಿ ಬದಲಿಸಿ ಕೊಟ್ಟರೆ, ಗಿರಾಕಿಗೆ ಹೋಗುವುದು ಬರೀ ಚಿತ್ರ. ಅದರಲ್ಲಿ ಫಾಂಟ್ ಇರುವುದಿಲ್ಲ. ಆದರೆ ಅವರು ‘ಅದೇ ಅಕ್ಷರದಲ್ಲಿ ನಮ್ಮ ಬಿಲ್ಲನ್ನೂ ನಾವೇ ಟೈಪ್ ಮಾಡ್ತೇವೆ, ಫಾಂಟ್ ಕಳಿಸಿ’ ಅಂದರೆ ಕಳಿಸುವ ಹಾಗಿಲ್ಲ. ಅವರು ಅವರದೇ ಲೈಸೆನ್ಸ್ ತೆಗೆದುಕೊಳ್ಳಬೇಕು. ಪ್ರೆಸ್ಸಿಗೂ ಇದೇ ಮಾತು. ಪ್ರೆಸ್ಸಿನವರು ‘ಓಪನ್ ಫೈಲ್ (ತಿದ್ದಲು ಬರುವ ಫೈಲ್) ಮತ್ತೆ ಫಾಂಟ್ ಕಳಿಸಿ’ ಅನ್ನುವುದು ಮಾಮೂಲಿ. ನಾನೂ ವರ್ಷಗಟ್ಟಲೆ ಕಳಿಸಿದ್ದೇನೆ. ಈಗ ಪಿಡಿಎಫ್ ಮಾಡಿ ಅಥವಾ ಕರ್ವ್ ಮಾಡಿ ಕಳಿಸುತ್ತೇನೆ. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ‘ಶ್ರೀ’ ಹೋಗಿ ಏನೋ ಚಿಹ್ನೆ ಬರುವ ಗಲಾಟೆ ಇರುವುದಿಲ್ಲ. ದೇವರ ಹೆಸರು ತಪ್ಪಾಗಿ ಅಚ್ಚಾದ ಎರಡು ಸಾವಿರ ನೋಟೀಸನ್ನು ನಾನು ಕಣ್ಣಾರೆ ನೋಡಿದ್ದೇನೆ.

ದುಡ್ಡು ಕೊಟ್ಟು ತೆಗೆದುಕೊಂಡ ಫಾಂಟ್ ಕೂಡ ಎಲ್ಲದಕ್ಕೂ ಆಗುವುದಿಲ್ಲ. ಡೆಸ್ಕ್‌ಟಾಪ್ ಲೈಸೆನ್ಸ್ ಅಂದರೆ ಕಂಪ್ಯೂಟರಿನಲ್ಲಿ ಹಾಕಿ ಅಚ್ಚಿಗೆ, ಚಿತ್ರಕ್ಕೆ ಬಳಸುವುದು. ವೆಬ್‌ಸೈಟಿನಲ್ಲಿ ಫಾಂಟ್ ಫೈಲನ್ನೇ ಇಡಬೇಕಾದರೆ ವೆಬ್ ಲೈಸೆನ್ಸ್ ಬೇರೆ. ಅದನ್ನು ಹೆಚ್ಚಾಗಿ ತಿಂಗಳಿಗೆ ಎಷ್ಟು ಮಂದಿ ಪುಟ ನೋಡುತ್ತಾರೆ ಅನ್ನುವ ಲೆಕ್ಕದಲ್ಲಿ ಮಾರುತ್ತಾರೆ. ಮೊಬೈಲ್ ಆ್ಯಪ್ ಒಳಗೆ ಸೇರಿಸಲು ಇನ್ನೊಂದು, ಇ-ಬುಕ್‌ಗೆ ಮತ್ತೊಂದು. ಎಷ್ಟು ಕಂಪ್ಯೂಟರ್ ಅನ್ನುವುದನ್ನೂ ಬರೆದಿರುತ್ತಾರೆ. ಫಾಂಟ್ ಕೊಳ್ಳುವ ಮೊದಲು ಗಿರಾಕಿಯ ಹತ್ತಿರ ‘ಇದು ಎಲ್ಲೆಲ್ಲಿ ಹೋಗುತ್ತದೆ?’ ಅಂತ ಒಂದು ಮಾತು ಕೇಳಿದರೆ ಸಾಕು.

ಕಂಪ್ಯೂಟರಿನ ಜೊತೆ ಬಂದ ಫಾಂಟ್‌ಗಳ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ವಿಂಡೋಸ್‌ನಲ್ಲಿ ತುಂಗಾ ಇದೆ, ನಿರ್ಮಲಾ ಯುಐ ಇದೆ. ಅವುಗಳಲ್ಲಿ ಅಚ್ಚು ಮಾಡಿ ಮಾರಬಹುದು, ಮೈಕ್ರೋಸಾಫ್ಟ್ ಅದನ್ನು ತಡೆಯುವುದಿಲ್ಲ. ಆದರೆ ನೀವು ಬಳಸುವ ಸಾಫ್ಟ್‌ವೇರ್ ಮನೆಗೆ ಅಥವಾ ವಿದ್ಯಾರ್ಥಿಗಳಿಗೆ ಮಾತ್ರ ಅನ್ನುವ ಲೈಸೆನ್ಸಿನದ್ದಾದರೆ ದುಡ್ಡಿನ ಕೆಲಸಕ್ಕೆ ಆಗುವುದಿಲ್ಲ. ಫಾಂಟ್ ಫೈಲನ್ನು ಕಾಪಿ ಮಾಡಿ ಇನ್ನೊಬ್ಬರಿಗೆ ಕೊಡುವುದಂತೂ ಇಲ್ಲ. ಅಡೋಬಿಯ ಚಂದಾ ಇದ್ದರೆ ಅದರ ಜೊತೆ ಬರುವ ಅಡೋಬಿ ಫಾಂಟ್ಸ್ ಪರ್ಸನಲ್, ಕಮರ್ಷಿಯಲ್ ಎರಡಕ್ಕೂ ಆಗುತ್ತದೆ. ಚಂದಾ ನಿಂತರೆ ಫಾಂಟೂ ನಿಲ್ಲುತ್ತದೆ, ಮಾಡಿಟ್ಟ ಪಿಡಿಎಫ್, ಲೋಗೋ ಉಳಿಯುತ್ತವೆ. ಗಿರಾಕಿಯ ವೆಬ್‌ಸೈಟಿಗೆ ಬೇಕಾದರೆ ಗಿರಾಕಿಗೇ ಚಂದಾ ಬೇಕು.

ಒಂದು ಫೈಲ್‌ನ ಮೂಲ ಗೊತ್ತಿಲ್ಲದಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ನೋಡಿ. ಕಾಪಿರೈಟ್ ಯಾರದ್ದು ಅಂತ ಹೆಚ್ಚಾಗಿ ಇರುತ್ತದೆ. ಅಲ್ಲೇ ಫಾಂಟ್ ಎಂಬೆಡೆಬಿಲಿಟಿ ಅಂತ ಒಂದು ಸಾಲು ಇದೆ. ಅದರಲ್ಲಿ ‘ಇನ್‌ಸ್ಟಾಲೆಬಲ್’ ಅಂತ ಕಂಡರೆ ‘ಓ, ಫ್ರೀ’ ಅಂದುಕೊಳ್ಳಬೇಡಿ. ಪಿಡಿಎಫ್‌ನಂಥ ಫೈಲಿನೊಳಗೆ ಆ ಫಾಂಟನ್ನು ಹೇಗೆ ಸೇರಿಸಬಹುದು ಅನ್ನುವುದಷ್ಟೇ ಅದು. ಕಮರ್ಷಿಯಲ್ ಕೆಲಸಕ್ಕೆ ಅನುಮತಿ ಇದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ.

ಈಗ ನನಗೆ ಜಾಸ್ತಿ ಖುಷಿ ಕೊಡುವ ವಿಷಯಕ್ಕೆ ಬರುತ್ತೇನೆ.

ಲೈಸೆನ್ಸ್ ಓದಲು ಕೂತಾಗ ನನಗಿದ್ದ ಹೆದರಿಕೆ, ಇನ್ನು ಮುಂದೆ ಪ್ರತಿ ಆಮಂತ್ರಣಕ್ಕೂ ಡಾಲರ್ ಲೆಕ್ಕ ಹಾಕಬೇಕಾ ಅಂತ. ಬದಿಯಡ್ಕದಲ್ಲಿ ಒಂದು ಮದುವೆ ಆಮಂತ್ರಣದ ಡಿಸೈನಿಗೆ ಎಷ್ಟು ಸಿಗುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ಆದರೆ ಕನ್ನಡಕ್ಕೆ, ಮಲಯಾಳಕ್ಕೆ ನಮಗೆ ಬೇಕಾದದ್ದು ಬಹಳಷ್ಟು ಓಪನ್ ಆಗಿಯೇ ಇದೆ. ಅದಕ್ಕೆ ಕಾರಣ ಒಂದು ಲೈಸೆನ್ಸ್. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್, ಚಿಕ್ಕದಾಗಿ ಒಎಫ್‌ಎಲ್. ಈಗ ಬಳಕೆಯಲ್ಲಿರುವ 1.1 ಆವೃತ್ತಿ 2007ರದ್ದು. ಎರಡು ಪುಟವೂ ಇಲ್ಲ. ನಾನು ಪೂರ್ತಿ ಓದಿದ ಮೊದಲ ಲೈಸೆನ್ಸ್ ಅದು.

ಅದು ಹೇಳುವುದು ಇಷ್ಟು. ಈ ಫಾಂಟನ್ನು ಬಳಸಿ, ಕಾಪಿ ಮಾಡಿ, ಹಂಚಿ, ತಿದ್ದಿ. ಮನೆಯ ಕೆಲಸ, ದುಡ್ಡಿನ ಕೆಲಸ ಅಂತ ಭೇದ ಇಲ್ಲ. ಲೋಗೋ ಮಾಡಿ, ಲೇಬಲ್ ಮಾಡಿ, ಪುಸ್ತಕ ಅಚ್ಚು ಮಾಡಿ ಮಾರಿ. ನೀವು ಮಾಡಿದ ಡಿಸೈನ್ ನಿಮ್ಮದೇ, ಅದನ್ನು ಓಪನ್ ಮಾಡಬೇಕಾಗಿಲ್ಲ. ಆದರೆ ಫಾಂಟೊಂದನ್ನೇ ಮಾರಬೇಡಿ. ಹಂಚುವಾಗ ಈ ಲೈಸೆನ್ಸನ್ನೂ ಕಾಪಿರೈಟ್ ಸಾಲನ್ನೂ ಜೊತೆಗೆ ಕೊಡಿ. ತಿದ್ದಿ ಹಂಚಿದರೆ ಅದೂ ಇದೇ ಲೈಸೆನ್ಸಿನಲ್ಲಿರಲಿ. ಮೂಲದವರು ಹೆಸರನ್ನು ಕಾದಿರಿಸಿದ್ದರೆ ನಿಮ್ಮದಕ್ಕೆ ಬೇರೆ ಹೆಸರಿಡಿ. ನನಗೆ ಇದು ಊರಿನ ಮಾತಿನ ಹಾಗೆ ಕೇಳಿಸಿತು. ತೋಟದ ಬಾವಿಯಿಂದ ನೀರು ತೆಗೆದುಕೊಂಡು ಹೋಗಿ, ಅಡುಗೆ ಮಾಡಿ, ಹೋಟೆಲೇ ಬೇಕಾದರೂ ಇಡಿ, ನೀರನ್ನೇ ಬಾಟಲಿಗೆ ತುಂಬಿಸಿ ಮಾರಬೇಡಿ ಅಂದ ಹಾಗೆ.

ಹೀಗೆ ಸಿಗುವ ಕನ್ನಡ ಫಾಂಟ್‌ಗಳು ಒಂದೆರಡಲ್ಲ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಇವೆ. ಪುಸ್ತಕದ ಪುಟಕ್ಕೆ ನಾನು ಹೆಚ್ಚು ಬಳಸುವುದು ಸೆರಿಫ್. ಫಾಂಟ್ ಮಾಡುವ ಮುಂಬಯಿಯ ಏಕ್ ಟೈಪ್‌ ಸಂಸ್ಥೆಯವರ ಅನೇಕ್ ಕನ್ನಡ 2022ರಲ್ಲಿ ಬಂತು. ತೆಳ್ಳಗಿನಿಂದ ದಪ್ಪಕ್ಕೆ, ಕಿರಿದಿನಿಂದ ಅಗಲಕ್ಕೆ ಎಷ್ಟು ಬೇಕೋ ಅಷ್ಟು ಎಳೆಯಬಹುದು. ಫ್ಲೆಕ್ಸ್‌ನಲ್ಲಿ ಉದ್ದುದ್ದ ಹೆಸರು ಕೂರಿಸಲು ಇದರಷ್ಟು ಅನುಕೂಲದ್ದು ನಾನು ನೋಡಿಲ್ಲ. ‘ಆಡಳಿತ ಮೊಕ್ತೇಸರರು’ ಅಂತ ಒಂದೇ ಸಾಲಿನಲ್ಲಿ ಹಾಕಿ ನೋಡಿ, ಗೊತ್ತಾಗುತ್ತದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯ ಕನಡಕ ಇದೆ. ಯಕ್ಷಗಾನದ ಪೋಸ್ಟರಿಗೆ ಅದರ ಬಳುಕು ಒಪ್ಪುತ್ತದೆ. ತುಳುವಿನ ಹಳೆಯ ಲಿಪಿಯನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರಗಳ ಪಟ್ಟಿಗೆ) ಸೇರಿಸುವ ಕೆಲಸದಲ್ಲೂ ವೈಷ್ಣವಿ ಮೂರ್ತಿ ಇದ್ದರು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16 ಬಂದಾಗ ತುಳು-ತಿಗಳಾರಿ ಅದರಲ್ಲಿ ಸೇರಿತು. ಈಗ ನಮ್ಮ ಕಡೆ ಮನೆಯ ಹೆಸರನ್ನು ತುಳು ಲಿಪಿಯಲ್ಲಿ ಬರೆಸುವವರು ಬರುತ್ತಿದ್ದಾರೆ. ಅಲ್ಲಿಯೂ ಫಾಂಟ್ ಯಾರದ್ದು, ಷರತ್ತೇನು ಅಂತ ನೋಡಿಯೇ ಹಾಕಿ.

ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅನ್ನುವ ಬಳಗದವರು ಬಹಳ ದೊಡ್ಡ ಕೆಲಸ ಮಾಡಿದ್ದಾರೆ. ಸಂತೋಷ್ ತೋಟ್ಟಿಂಗಲ್ ಮಾಡಿದ ಮಂಜರಿ 2016ರಲ್ಲಿ ಬಂದದ್ದು. ಅದರ ಮೂಲೆಗಳೆಲ್ಲ ದುಂಡಗೆ. ಮಲಯಾಳ ಓದಲು ಬರುವ ನನ್ನಂಥ ಕನ್ನಡದವಳಿಗೂ ಅದನ್ನು ನೋಡಿದರೆ ಪ್ರೀತಿ ಬರುತ್ತದೆ. ಅದೂ ಒಎಫ್‌ಎಲ್.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಬಲೂ. ಇದೂ ಏಕ್ ಟೈಪ್‌ನವರದ್ದೇ. ಭಾರತದ ಬೇರೆ ಬೇರೆ ಲಿಪಿಗಳಿಗೆ ಒಂದೇ ಮೈಕಟ್ಟಿನ ಅಕ್ಷರ ಮಾಡಿ, ಹೆಚ್ಚಿನವಕ್ಕೆಲ್ಲ ಆಯಾ ಭಾಷೆಯಲ್ಲಿ ಅಣ್ಣ ತಮ್ಮ ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ಕನ್ನಡದ್ದು ಬಲೂ ತಮ್ಮ. ಮಲಯಾಳದ್ದು ಬಲೂ ಚೇಟ್ಟನ್. ತೆಲುಗಿನದ್ದು ತಮ್ಮುಡು, ತಮಿಳಿನದ್ದು ತಂಬಿ. ನಮ್ಮ ಊರಿನಲ್ಲಿ ಒಂದೇ ಬೋರ್ಡಿನಲ್ಲಿ ಎರಡು ಲಿಪಿ ಬರೆಯುವುದು ದಿನನಿತ್ಯದ ಕೆಲಸ. ಹಿಂದೆ ಕನ್ನಡ ಒಂದು ಕಾಲದ ಫಾಂಟ್, ಮಲಯಾಳ ಇನ್ನೊಂದು ಕಾಲದ್ದು, ಒಂದು ದಪ್ಪ ಒಂದು ತೆಳು. ಎಷ್ಟು ಎಳೆದರೂ ಒಂದೇ ಮನೆಯವರ ಹಾಗೆ ಕಾಣುತ್ತಿರಲಿಲ್ಲ. ಕನ್ನಡ ಕೆಳಗೆ, ಸಣ್ಣದಾಗಿ, ಸಾಲಕ್ಕೆ ತಂದ ಹಾಗೆ ಕೂತಿರುತ್ತಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಬೋರ್ಡಿನ ಮೇಲಿನ ಕನ್ನಡಕ್ಕಾಗಿ ಇಲ್ಲಿಯವರು ಎಷ್ಟು ಅರ್ಜಿ ಬರೆದಿದ್ದಾರೆ ಅಂತ ನನ್ನ ಅಜ್ಜನ ಬಾಯಿಂದ ಕೇಳಿ ಬೆಳೆದವಳು ನಾನು. ತಮ್ಮನನ್ನೂ ಚೇಟ್ಟನನ್ನೂ ಮೊದಲ ಸಲ ಪಕ್ಕಪಕ್ಕ ಇಟ್ಟು ಒಂದು ಹಾಲಿನ ಸೊಸೈಟಿಯ ಬೋರ್ಡ್ ಮಾಡಿದಾಗ, ಎರಡೂ ಒಂದೇ ಎತ್ತರದಲ್ಲಿ, ಒಂದೇ ದಪ್ಪದಲ್ಲಿ ನಿಂತವು. ಆ ಬೋರ್ಡಿನ ಎದುರು ನಿಂತು ನಾನು ಸುಮಾರು ಹೊತ್ತು ನೋಡಿದೆ.

ತಿದ್ದುವ ವಿಷಯ ಒಂದು ಬಾಕಿ ಉಂಟು. ಕುಂಬಳೆ ಕಡೆಯ ಒಂದು ಯಕ್ಷಗಾನ ಸಂಘದವರಿಗೆ ಹೆಸರಿನ ಕೊನೆಯ ಅಕ್ಷರವನ್ನು ಕಿರೀಟದ ಹಾಗೆ ಎಳೆದು ಕೊಡಬೇಕಿತ್ತು. ಕರ್ವ್ ಮಾಡಿ ಎಳೆದೆ. ಒಎಫ್‌ಎಲ್ ಫಾಂಟ್ ಆದ್ದರಿಂದ ತೊಂದರೆ ಇಲ್ಲ. ಫಾಂಟ್ ಫೈಲನ್ನು ನಾನು ಮುಟ್ಟಲೇ ಇಲ್ಲ, ಚಿತ್ರವನ್ನು ತಿದ್ದಿದ್ದು. ದುಡ್ಡಿನ ಫಾಂಟ್‌ಗಳಲ್ಲಿ ಕೆಲವರು ಹೀಗೆ ಆಕೃತಿ ಬದಲಿಸುವುದನ್ನೂ ಒಪ್ಪುವುದಿಲ್ಲ. ಲೋಗೋಗೆ ಬೇರೆಯೇ ಅನುಮತಿ ಕೇಳುವವರೂ ಇದ್ದಾರೆ. ಓದಿಯೇ ಎಳೆಯಿರಿ.

ನನ್ನ ಆ ಮೂರು ಸಾವಿರ ಫಾಂಟಿನ ಫೋಲ್ಡರನ್ನು ಪತ್ತನಾಜೆ (ನಮ್ಮ ಕಡೆ ಉತ್ಸವ, ಯಕ್ಷಗಾನಗಳ ಕಾಲ ಮುಗಿಯುವ ದಿನ) ಕಳೆದು ಕೆಲಸ ಕಡಿಮೆಯಾದ ಮೇಲೆ ಕೂತು ಸೋಸಿದೆ. ಆರು ದಿನ ಹಿಡಿಯಿತು. ಮೂಲ ಗೊತ್ತಾಗದ್ದನ್ನೆಲ್ಲ ಅಳಿಸಿದೆ. ಕೆಲವನ್ನು ಅಳಿಸುವಾಗ ಬೇಜಾರಾಯಿತು, ಎಷ್ಟೋ ಒಳ್ಳೆಯ ಕೆಲಸ ಅದರಲ್ಲಿ ಮಾಡಿದ್ದೆ. ಉಳಿದದ್ದು 140. ಪ್ರತಿ ಫಾಂಟಿಗೂ ಒಂದು ಫೋಲ್ಡರ್, ಅದರೊಳಗೆ ಲೈಸೆನ್ಸ್ ಫೈಲ್, ದುಡ್ಡು ಕೊಟ್ಟದ್ದಾದರೆ ರಶೀದಿ. ಗಿರಾಕಿಗೆ ಕೊಡುವ ಬಿಲ್ಲಿನ ಕೆಳಗೆ ಈಗ ಯಾವ ಫಾಂಟ್, ಯಾವ ಲೈಸೆನ್ಸ್ ಅಂತ ಒಂದು ಸಾಲು ಬರೆಯುತ್ತೇನೆ. ಮೊದಮೊದಲು ‘ಇದೆಂತದು?’ ಅಂತ ಕೇಳುತ್ತಿದ್ದರು. ಈಗ ಒಬ್ಬರು, ಅವರ ಎಣ್ಣೆ ಮಿಲ್ಲಿನ ಲೇಬಲ್ ಬೇರೆ ಕಡೆ ಮಾಡಿಸಿದಾಗ, ಆ ಸಾಲು ಯಾಕಿಲ್ಲ ಅಂತ ಅಲ್ಲಿ ಕೇಳಿದರಂತೆ.

ಹಳೆಯ ಲೇಬಲ್ ಮಾರ್ಚ್‌ನಲ್ಲಿ ಮುಗಿಯಿತು. ಹಲಸು ಎಳತಾಗಿ ಸಿಗಲು ಶುರುವಾಗಿತ್ತು, ಹೊಸ ಲೇಬಲ್ ಬೇಗ ಬೇಕು ಅಂದರು. ಲೈಸೆನ್ಸ್ ಇದ್ದರೂ ಆ ಬಳುಕುವ ಇಂಗ್ಲಿಷ್ ಅಕ್ಷರವನ್ನು ನಾನು ಮತ್ತೆ ಬಳಸಲಿಲ್ಲ. ಕನ್ನಡಕ್ಕೆ ತಮ್ಮ, ಮಲಯಾಳಕ್ಕೆ ಚೇಟ್ಟನ್, ಇಂಗ್ಲಿಷಿಗೆ ಅದೇ ಬಲೂವಿನ ಅಕ್ಷರ. ಈ ಸಲ ಕನ್ನಡವನ್ನೇ ದೊಡ್ಡದು ಮಾಡಿದೆ. ಚಿಕ್ಕಮ್ಮ ಕನ್ನಡಕ ಹಾಕಿ ನೋಡಿ, ‘ಈಗ ನನಗೂ ಓದ್ಲಿಕ್ಕೆ ಆಗ್ತದೆ’ ಅಂದರು.

ಅವರಿಗೆ ಇನ್ನೊಂದು ಬೇಡಿಕೆ ಇತ್ತು. ಬೆಲೆ, ತಾರೀಕು ಹಾಕುವ ಚಿಕ್ಕ ಸ್ಟಿಕ್ಕರನ್ನು ಅವರ ಮಗಳು ಮನೆಯಲ್ಲೇ ಪ್ರಿಂಟ್ ತೆಗೆಯುತ್ತಾಳೆ, ಅದಕ್ಕೂ ಇದೇ ಅಕ್ಷರ ಬೇಕು. ನಾನು ಪೆನ್‌ಡ್ರೈವ್ ತೆಗೆದು ಎರಡು ಫಾಂಟನ್ನೂ ಅದಕ್ಕೆ ಹಾಕಿದೆ. ಜೊತೆಗೆ ಒಎಫ್‌ಎಲ್‌ನ ಟೆಕ್ಸ್ಟ್ ಫೈಲನ್ನೂ ಹಾಕಿ, ‘ಇದನ್ನು ಮೊದಲು ತೆರೆದು ನೋಡು’ ಅಂತ ತಂಗಿಗೆ ಹೇಳಿದೆ. ಅವಳು ನನ್ನ ಕುರ್ಚಿಯಲ್ಲೇ ಕೂತು ಓದಿದಳು. ಅರ್ಥವಾಗದ ಎರಡು ಕಡೆ ಕೇಳಿದಳು. ಆಮೇಲೆ ಫಾಂಟ್ ಇನ್‌ಸ್ಟಾಲ್ ಮಾಡಿ, ನನ್ನ ಪ್ರಿಂಟರಿನಲ್ಲೇ ಮೊದಲ ಸ್ಟಿಕ್ಕರ್ ತೆಗೆದಳು. ‘25 ಹಪ್ಪಳ, 90 ರೂ.’